ಬೀಗದ ಕೈ ಯಾರ ಬಳಿ ಇದೆ?

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಹೊತ್ತು ನಾವು ಮಾತನಾಡಹೊರಟಿರುವುದು ಬೋನಸ್ಸಿನ ವಿಚಾರವಲ್ಲ, ಸುಂಕದ ವಿಚಾರವೂ ಅಲ್ಲ. ನಿಮ್ಮ ಜೇಬಿನಲ್ಲಿರುವ ಫೋನು ಮತ್ತು ಅಂಗಡಿಯ ಮೂಲೆಯಲ್ಲಿ ಧೂಳು ಹೊದ್ದು ಕುಳಿತಿರುವ ಕಂಪ್ಯೂಟರು, ಇವುಗಳ ವಿಚಾರ. ಇವನ್ನು ನೀವು ದುಡ್ಡು ಕೊಟ್ಟು ಕೊಂಡಿದ್ದೀರಿ. ಆದರೆ ಇವುಗಳ ಧಣಿ ಯಾರು ಎಂಬುದನ್ನು ಎಂದಾದರೂ ವಿಚಾರಿಸಿದ್ದೀರಾ?

ಗಿರಣಿಯಲ್ಲಿ ಫಿಟ್ಟರ್ ಕೆಲಸ ಮಾಡುವವರನ್ನು ಕೇಳುತ್ತೇವೆ. ಮಗ್ಗ ನಿಂತಿತೆಂದರೆ ನೀವು ಮಾಡುವುದೇನು? ಮುಚ್ಚಳ ತೆಗೆದು ನೋಡುತ್ತೀರಿ. ಗಾಲಿಯ ಹಲ್ಲು ಸವೆದಿದ್ದರೆ ಬದಲಾಯಿಸುತ್ತೀರಿ. ಹೊಸ ಹುಡುಗ ಬಂದರೆ ಅವನಿಗೂ ಬಿಚ್ಚಿ ತೋರಿಸಿ ಕಲಿಸುತ್ತೀರಿ. ಈಗ ಒಬ್ಬ ಯಂತ್ರದ ವ್ಯಾಪಾರಿ ಬಂದು ಹೀಗೆ ಕರಾರು ಹಾಕಿದನೆನ್ನಿ: ಮಗ್ಗವನ್ನು ಮಾರುತ್ತೇನೆ, ಆದರೆ ಮುಚ್ಚಳ ತೆಗೆಯಕೂಡದು, ಒಳಗೆ ಹೇಗಿದೆಯೆಂದು ಯಾರಿಗೂ ಹೇಳಕೂಡದು, ನೆರೆಯವನಿಗೆ ಎರವಲು ಕೊಡಕೂಡದು, ನಾನು ಮಾತ್ರ ರಾತ್ರಿ ಹೊತ್ತು ಬಂದು ಯಾವ ಭಾಗವನ್ನು ಬೇಕಾದರೂ ಬದಲಾಯಿಸುತ್ತೇನೆ, ಬೇಡವೆನಿಸಿದರೆ ನಿಲ್ಲಿಸಿಯೂ ಬಿಡುತ್ತೇನೆ. ಇಂಥ ಕರಾರಿಗೆ ಯಾವ ಮ್ಯಾನೇಜರನೂ ರುಜು ಹಾಕಲಾರ. ನಾವಾದರೋ ದಿನಕ್ಕೊಂದು ಆಪ್ ಹಾಕಿಕೊಳ್ಳುವಾಗ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತಿ, ಹೆಚ್ಚುಕಡಿಮೆ ಇದೇ ಕರಾರಿಗೆ ಹೆಬ್ಬೆಟ್ಟು ಒತ್ತುತ್ತಿದ್ದೇವೆ.

ಇದು ಹೆದರಿಸುವ ಮಾತಲ್ಲ, ನಡೆದದ್ದು. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿಯು ತನ್ನ ಕಿಂಡಲ್ ಎಂಬ ಓದುಯಂತ್ರದಲ್ಲಿ ಗಿರಾಕಿಗಳು ಹಣ ತೆತ್ತು ಕೊಂಡಿದ್ದ ಪುಸ್ತಕವೊಂದನ್ನು ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಅದನ್ನು ಮಾರಿದವನಿಗೆ ಮಾರುವ ಹಕ್ಕಿರಲಿಲ್ಲವೆಂಬುದು ಕಂಪೆನಿ ಕೊಟ್ಟ ಕಾರಣ. ಹಣವನ್ನು ಹಿಂದಕ್ಕೆ ಕೊಟ್ಟರು, ದೊಡ್ಡ ಧಣಿ ಕ್ಷಮೆಯನ್ನೂ ಕೇಳಿದ. ಆದರೆ ನಿಮ್ಮ ಮನೆಯ ಕಪಾಟಿನ ಬೀಗದ ಕೈ ಅಂಗಡಿಯವನ ಬಳಿಯೂ ಇದೆಯೆಂಬುದು ಅಂದು ಬಯಲಾಯಿತು. ಅಳಿಸಿದ ಪುಸ್ತಕ ಯಾವುದೆಂದರೆ, ಜಾರ್ಜ್ ಆರ್ವೆಲನ '1984'! ಕಥೆ ಕಟ್ಟುವವರಿಗೂ ಇಂಥದು ಹೊಳೆಯುತ್ತಿರಲಿಲ್ಲ.

ಈ ಬೀಗದ ವಿರುದ್ಧ ಎದ್ದವರ ಕಥೆಯೂ ಒಂದು ಕೆಟ್ಟ ಯಂತ್ರದಿಂದಲೇ ಮೊದಲಾಯಿತು. 1980ರ ಸುಮಾರಿನಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಗೆ ಝೆರಾಕ್ಸ್ ಕಂಪೆನಿಯ ಹೊಸ ಮುದ್ರಣಯಂತ್ರ ಬಂತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರದಲ್ಲಿಯೂ ಹಾಗೆಯೇ ಆಗುತ್ತಿದ್ದಾಗ ರಿಚರ್ಡ್ ಸ್ಟಾಲ್‌ಮನ್ ಎಂಬ ಕೆಲಸಗಾರ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದ. ಹೊಸ ಯಂತ್ರದ ತಂತ್ರಾಂಶದ ಮೂಲ ಬರಹವನ್ನು ಕಂಪೆನಿ ಕೊಡಲಿಲ್ಲ. ಅದನ್ನು ಬಲ್ಲ ಇನ್ನೊಬ್ಬನನ್ನು ಹುಡುಕಿಕೊಂಡು ಹೋದರೆ, 'ಯಾರಿಗೂ ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ' ಎಂದು ಆತನೂ ಕೈಚೆಲ್ಲಿದ. ಒಂದು ಕೈಯ ಕೆಲಸಗಾರ ಇನ್ನೊಂದು ಕೈಯ ಕೆಲಸಗಾರನಿಗೆ ನೆರವಾಗದಂತೆ ಕಟ್ಟಿಹಾಕಿದ್ದ ಆ ಕಾಗದವೇ ಸ್ಟಾಲ್‌ಮನ್ನನನ್ನು ಕೆರಳಿಸಿತು. 1983ರ ಸೆಪ್ಟೆಂಬರಿನಲ್ಲಿ ಆತ 'ಗ್ನು' ಎಂಬ ಯೋಜನೆಯನ್ನು ಸಾರಿದ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನೂ ತಿದ್ದದ್ದನ್ನೂ ನೆರೆಯವನಿಗೆ ಹಂಚಬಹುದು, ಇದು ಅದರ ನಿಯಮ. 1989ರಲ್ಲಿ ಬರೆದ ಪರವಾನಗಿಯಲ್ಲಿ ಇನ್ನೂ ಒಂದು ಮಾತು ಸೇರಿತು: ನೀನು ಪಡೆದ ಸ್ವಾತಂತ್ರ್ಯವನ್ನು ನಿನ್ನಿಂದ ಪಡೆಯುವವನಿಗೂ ಕೊಡತಕ್ಕದ್ದು, ನಡುವೆ ಬೇಲಿ ಹಾಕಕೂಡದು. ಕೆರೆಯ ನೀರನ್ನು ಎಲ್ಲರೂ ತೆಗೆದುಕೊಳ್ಳಲಿ, ಆದರೆ ಏರಿಯ ಮೇಲೆ ಯಾರೂ ಗೋಡೆ ಕಟ್ಟದಿರಲಿ ಎಂದ ಹಾಗೆ.

ಇದನ್ನೇ ಸ್ವತಂತ್ರ ತಂತ್ರಾಂಶ, ಮುಕ್ತ ತಂತ್ರಾಂಶ ಎನ್ನುವುದು. ಪುಕ್ಕಟೆ ಎಂಬುದು ಇದರ ಮುಖ್ಯ ಗುಣವಲ್ಲ. ಪುಕ್ಕಟೆ ಆಪ್‌ಗಳಿಗೇನು ಬರ? ಪುಕ್ಕಟೆ ಕೊಟ್ಟು ನಿಮ್ಮ ಓಡಾಟವನ್ನೂ ಮಾತುಕತೆಯನ್ನೂ ಜಾಹೀರಾತಿನವರಿಗೆ ಮಾರುವ ಅಂಗಡಿಗಳು ಬೇಕಾದಷ್ಟಿವೆ. ವರ್ತಕರಿಗೆ ತಕ್ಕಡಿಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿದೀತು. ತೂಕವನ್ನು ಗಿರಾಕಿಯ ಕಣ್ಣೆದುರಿಗೆ ಹಾಕುವ ಅಂಗಡಿಯೊಂದು. ಪರದೆಯ ಹಿಂದೆ ತೂಗಿ ಪೊಟ್ಟಣವನ್ನಷ್ಟೇ ಕೈಗೆ ಕೊಡುವ ಅಂಗಡಿ ಇನ್ನೊಂದು. ಎರಡನೆಯವನು ಪ್ರಾಮಾಣಿಕನೇ ಇರಬಹುದು. ಆದರೆ ನೋಡುವ ಹಕ್ಕು ನಿಮಗಿಲ್ಲ.

ಇನ್ನು ದಿನನಿತ್ಯಕ್ಕೆ ಬೇಕಾದವುಗಳ ವಿಚಾರ. ಮೊದಲು ಹೇಳಬೇಕಾದದ್ದು ಲಿಬ್ರೆ ಆಫೀಸ್. ಅರ್ಜಿ ಬರೆಯಲು, ಸಾಮಾನಿನ ಪಟ್ಟಿ ಮಾಡಲು, ಸಂಘದ ಸದಸ್ಯರ ವಂತಿಗೆ ಕೂಡಲು ಇದೊಂದೇ ಸಾಕು. ಇದರ ಹಿಂದಿನ ಕಥೆಯನ್ನು ಗಿರಣಿಯವರು ಗಮನವಿಟ್ಟು ಕೇಳಬೇಕು.

ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್ ಆಫೀಸ್ ಎಂಬ ತಂತ್ರಾಂಶವನ್ನು 1999ರಲ್ಲಿ ಅಮೆರಿಕೆಯ ಸನ್ ಕಂಪೆನಿ ಕೊಂಡುಕೊಂಡಿತು; 2000ದಲ್ಲಿ ಅದರ ಮೂಲ ಬರಹವನ್ನು ಬಿಚ್ಚಿ ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ಕೊಟ್ಟಿತು. ದೇಶ ದೇಶಗಳ ಜನ ಅದರಲ್ಲಿ ಕೂಡಿ ದುಡಿದರು. 2010ರಲ್ಲಿ ಸನ್ ಕಂಪೆನಿಯನ್ನೇ ಒರೇಕಲ್ ಕಂಪೆನಿ ನುಂಗಿತು. ಹೊಸ ಧಣಿಯ ರೀತಿ ದುಡಿಯುವವರಿಗೆ ಹಿಡಿಸಲಿಲ್ಲ. ಆ ವರ್ಷದ ಸೆಪ್ಟೆಂಬರ್ 28ರಂದು ಅವರು ಬೇರೆ ಪ್ರತಿಷ್ಠಾನವನ್ನು ಸಾರಿ, ಮೂಲ ಬರಹದ ಪ್ರತಿಯೊಂದಿಗೆ ಹೊರಬಿದ್ದರು. ಹೆಸರನ್ನು ಒರೇಕಲ್ ಬಿಟ್ಟುಕೊಡಲಿಲ್ಲ. ಇವರು ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿಟ್ಟರು. 2011ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರಬಂತು. ಅದೇ ವರ್ಷ ಏಪ್ರಿಲಿನಲ್ಲಿ ಒರೇಕಲ್ ತನ್ನ ಅಂಗಡಿಯ ಬಾಗಿಲು ಎಳೆದುಕೊಂಡು, ಜೂನಿನಲ್ಲಿ ಓಪನ್ ಆಫೀಸನ್ನು ಬೇರೊಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು.

ಯೋಚಿಸಿ ನೋಡಿ. ಗಿರಣಿ ಕೈಬದಲಾದಾಗ ಹೊಸ ಮಾಲೀಕ ಬಾಗಿಲು ಹಾಕಿದರೆ ಮಗ್ಗವನ್ನು ಹೊತ್ತುಕೊಂಡು ಹೊರಬೀಳಲು ನಮಗೆ ಆಗುತ್ತದೆಯೇ? ಯಂತ್ರವೂ ಅವನದು, ಜಾಗವೂ ಅವನದು. ಇಲ್ಲಿ ಕೆಲಸಗಾರರು ಇಡೀ ಕಾರ್ಖಾನೆಯ ಪ್ರತಿ ತೆಗೆದುಕೊಂಡು ಎದುರು ಬೀದಿಯಲ್ಲಿ ಕೆಲಸ ಆರಂಭಿಸಿದರು. ಕಳವು ಎಂದು ಯಾರೂ ಅನ್ನುವಂತಿರಲಿಲ್ಲ. ಪರವಾನಗಿಯೇ ಆ ಹಕ್ಕನ್ನು ಬರೆದುಕೊಟ್ಟಿತ್ತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ಪ್ರಾಂತದ ಸರ್ಕಾರ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಇದಕ್ಕೆ ಬದಲಾಯಿಸುವುದಾಗಿ 2024ರ ಏಪ್ರಿಲಿನಲ್ಲಿ ಪ್ರಕಟಿಸಿತು. ಸರ್ಕಾರದ ಕಚೇರಿಗೆ ಸಾಲುವುದು ನಮ್ಮ ಕಿರಾಣಿ ಅಂಗಡಿಗೆ ಸಾಲದೇ? ಇದರ ಪಟ್ಟಿಗಳನ್ನು ಕನ್ನಡದಲ್ಲಿಯೂ ಇಟ್ಟುಕೊಳ್ಳಬಹುದು. ಅಲ್ಲಲ್ಲಿ ಅನುವಾದ ತೊಡಕೆನಿಸೀತು, ರೂಢಿಯಾದರೆ ನಡೆಯುತ್ತದೆ.

ಇಲ್ಲಿ ಒಂದು ಮಾತನ್ನು ಬಿಚ್ಚಿಯೇ ಹೇಳಬೇಕು. ನಮ್ಮೂರಿನಂಥ ಊರುಗಳಲ್ಲಿ ಎಷ್ಟೋ ಅಂಗಡಿಗಳಲ್ಲಿರುವುದು ಕದ್ದ ಪ್ರತಿಗಳು. ಹಾಕಿಕೊಟ್ಟ ಹುಡುಗ ಮುನ್ನೂರೋ ಐನೂರೋ ಇಸಿದುಕೊಂಡು ಹೋಗಿರುತ್ತಾನೆ. ಬಡ ವರ್ತಕ ಸಾವಿರಾರು ರೂಪಾಯಿ ಎಲ್ಲಿಂದ ತಂದಾನು ಎಂಬುದು ನಮಗೂ ಗೊತ್ತು. ಆದರೆ ಬೀಗ ಮುರಿದು ತಂದ ತಂತ್ರಾಂಶದೊಡನೆ ಕಳ್ಳನೂ ಒಳಗೆ ಬಂದಿರುವುದುಂಟು, ಲೆಕ್ಕದ ಕಡತವನ್ನೆಲ್ಲ ಗಂಟುಕಟ್ಟಿ ಒತ್ತೆಹಣ ಕೇಳುವುದುಂಟು. ಹಕ್ಕಿನಿಂದ ಸಿಗುವುದು ಎದುರಿಗಿರುವಾಗ ಕದ್ದದ್ದೇಕೆ?

ಪದ್ಮನಾಭನ ಹುಂಡಿಯಂಥ ಲೆಕ್ಕವಲ್ಲದಿದ್ದರೂ ಜಮಾ-ಖರ್ಚು, ಬಾಕಿ, ಸಾಲ ಎಲ್ಲರಿಗೂ ಇದ್ದದ್ದೇ. ಅದಕ್ಕೆ ಗ್ನುಕ್ಯಾಶ್ ಇದೆ. ಕಿರ್ದಿ-ಖಾತೆ ಬರೆದು ಬಲ್ಲ ಹಿರಿಯ ಗುಮಾಸ್ತರಿಗೆ ಇದು ಒಂದು ವಾರದಲ್ಲಿ ಹಿಡಿಸುತ್ತದೆ, ಏಕೆಂದರೆ ಇದೂ ಎರಡು ಕಡೆ ನಮೂದಿಸುವ ಅದೇ ಪದ್ಧತಿ. ಜಿ.ಎಸ್.ಟಿ. ಲೆಕ್ಕವನ್ನು ಇದು ತಾನಾಗಿ ಸಲ್ಲಿಸುವುದಿಲ್ಲ, ಅದಕ್ಕೆ ನಿಮ್ಮ ಲೆಕ್ಕಿಗರ ಬಳಿಗೆ ಹೋಗಲೇಬೇಕು. ಫ್ಲೆಕ್ಸು, ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಇವೆ. ಗಿಂಪ್ ಕಲಿಯಲು ಕಷ್ಟವೆನ್ನುವವರಿಗೆ ಒಂದು ಮಾತು: ಬೆಂಗಳೂರಿನ ಗೊಟ್ಟಿಗೆರೆಯ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರರ ಹೆಸರಿನಲ್ಲಿ ಕಂಪ್ಯೂಟರ್ ಕೇಂದ್ರ ತೆರೆದು ಕೂಲಿಯವರ ಮಕ್ಕಳಿಗೆ ಇದನ್ನೇ ಕಲಿಸಿದರು. ಆ ಮಕ್ಕಳು ಚಂದದ ಚಿತ್ರಗಳನ್ನು ಬರೆದರು.

ಸಿನಿಮಾ, ಹಾಡು, ಭಾಷಣ ಕೇಳಲು ವಿ.ಎಲ್.ಸಿ. ಕಿತ್ತಳೆ ಬಣ್ಣದ ರಸ್ತೆ ಶಂಕುವಿನ ಗುರುತಿನದು. ಬಹಳ ಮಂದಿ ಬಲ್ಲಿರಿ. 1996ರಲ್ಲಿ ಪ್ಯಾರಿಸಿನ ಕಾಲೇಜು ಹುಡುಗರು ಶುರುಮಾಡಿದ್ದು, 2001ರಲ್ಲಿ ಕಾಲೇಜಿನವರ ಒಪ್ಪಿಗೆ ಪಡೆದು ಸ್ವತಂತ್ರಗೊಳಿಸಿದರು. ಜಾಹೀರಾತಿಲ್ಲ, ಹೆಸರು ದಾಖಲೆ ಕೇಳುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಇದರ ಜಾಲತಾಣವನ್ನೇ ತಡೆಹಿಡಿಯಲಾಯಿತು. ತಡೆದದ್ದೇಕೆಂದು ತಯಾರಕರಿಗೂ ತಿಳಿಸಿರಲಿಲ್ಲ. ಅವರು ಕಾನೂನಿನ ನೋಟೀಸು ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆಗೆದರು. ಆ ತಿಂಗಳುಗಳಲ್ಲಿಯೂ ಜನ ಅದನ್ನು ಬಳಸುತ್ತಲೇ ಇದ್ದರು. ಒಬ್ಬನ ಪೆನ್‌ಡ್ರೈವಿನಿಂದ ಇನ್ನೊಬ್ಬನಿಗೆ ಕೊಡುವುದು ಅಪರಾಧವಲ್ಲದ ವಸ್ತುವನ್ನು ಬಾಗಿಲು ಮುಚ್ಚಿ ತಡೆಯಲಾಗುವುದಿಲ್ಲ.

ಫೋನಿನ ವಿಚಾರಕ್ಕೆ ಬರೋಣ. ಆಂಡ್ರಾಯ್ಡ್ ಫೋನಿನ ತಳಪಾಯ ಲಿನಕ್ಸ್. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ್ದು, ಸಾವಿರಾರು ಜನ ಕಟ್ಟಿದ್ದು. ತಳಪಾಯ ಎಲ್ಲರದು, ಮೇಲಿನ ಮಹಡಿಗಳಿಗೆ ಮಾತ್ರ ಬೀಗ! 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಭಂಡಾರವಿದೆ. ಅಲ್ಲಿರುವುದೆಲ್ಲ ಸ್ವತಂತ್ರ ತಂತ್ರಾಂಶವೇ; ಕಣ್ಣಿಗೆ ಕಾಣದಂತೆ ನಿಮ್ಮನ್ನು ಹಿಂಬಾಲಿಸುವ ಭಾಗಗಳಿದ್ದರೆ ಅವರೇ ಎಚ್ಚರಿಕೆ ಬರೆದಿರುತ್ತಾರೆ.

ಅಲ್ಲಿಂದ ಮೊದಲು ತೆಗೆದುಕೊಳ್ಳಬೇಕಾದದ್ದು ನಕ್ಷೆ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆರಂಭಿಸಿದ. ತಮ್ಮ ತಮ್ಮ ಓಣಿಯನ್ನು ತಾವೇ ಗುರುತಿಸುತ್ತ ಜನ ಲೋಕದ ನಕ್ಷೆಯನ್ನು ಬರೆದರು. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ, ಎಲ್ಲೆಲ್ಲಿಯೋ ಕುಳಿತ ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡಿ ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. ಪರಿಹಾರದವರು ಅದನ್ನೇ ಹಿಡಿದು ಓಡಾಡಿದರು. ಆಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆಪ್‌ಗಳಲ್ಲಿ ಈ ನಕ್ಷೆಯನ್ನು ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಊರಿನಲ್ಲಿಯೂ ದಾರಿ ತೋರಿಸುತ್ತದೆ. ಸರಕು ಸಾಗಿಸುವ ಲಾರಿಯವರು ಇದನ್ನು ಇಟ್ಟುಕೊಳ್ಳಬೇಕು. ಆರ್ಗ್ಯಾನಿಕ್ ಮ್ಯಾಪ್ಸಿನ ಆಡಳಿತ ಸರಿಯಿಲ್ಲವೆಂದು ಅದರ ಕೆಲವು ಕೆಲಸಗಾರರು 2025ರಲ್ಲಿ ಕೋಮ್ಯಾಪ್ಸ್ ಎಂಬ ಬೇರೆ ಆಪ್ ಕಟ್ಟಿಕೊಂಡರು. ಒಡಕು ನಮ್ಮಂಥ ಪಕ್ಷಗಳಲ್ಲಿ ಮಾತ್ರವಲ್ಲ, ಅಲ್ಲಿಯೂ ಇದೆ! ಆದರೆ ಅಲ್ಲಿ ಒಡೆದವರು ಇಬ್ಬರೂ ಕೆಲಸ ಮುಂದುವರಿಸುತ್ತಾರೆ.

ನಮ್ಮ ಊರಿನ ನಕ್ಷೆ ಇದರಲ್ಲಿ ಬಡವಾಗಿದೆ. ಹೆದ್ದಾರಿ ಇದೆ, ರೈಲು ನಿಲ್ದಾಣವಿದೆ. ಗಿರಣಿ ಚಾಳಿನ ಹಿಂದಿನ ಗಲ್ಲಿಗಳಿಲ್ಲ. ಯಾರಾದರೂ ಬರೆದರೆ ತಾನೇ ಇರುತ್ತದೆ? ಚಾಳಿನ ಹುಡುಗರು ಒಂದು ಭಾನುವಾರ ಮನಸ್ಸು ಮಾಡಬೇಕು.

ಗುಪ್ತಪದಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವವರಿಗೆ ಕೀಪಾಸ್ ಎಂಬ ಪೆಟ್ಟಿಗೆ ಒಳ್ಳೆಯದು, ಫೋನಿಗೆ ಕೀಪಾಸ್-ಡಿ.ಎಕ್ಸ್., ಕಂಪ್ಯೂಟರಿಗೆ ಕೀಪಾಸ್-ಎಕ್ಸ್.ಸಿ. ಒಂದೇ ಬೀಗದ ಕೈ ನೆನಪಿಟ್ಟರೆ ಸಾಕು. ಅದನ್ನು ಮರೆತರೆ ಮಾತ್ರ ಬ್ರಹ್ಮನೂ ತೆರೆಯಲಾರ. ಮಾತುಕತೆಗೆ ಸಿಗ್ನಲ್, 2018ರಿಂದ ಅದು ಲಾಭಕ್ಕಲ್ಲದ ಪ್ರತಿಷ್ಠಾನದ ಕೈಯಲ್ಲಿದೆ. ವಾಟ್ಸ್ಯಾಪಿನಲ್ಲಿಯೂ ಬರೆದ ಮಾತಿಗೆ ಇದೇ ಬಗೆಯ ಮುಚ್ಚಳವಿದೆ, ಇಲ್ಲವೆನ್ನಲಾಗದು. ಆದರೆ ಯಾರು ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದರೆಂಬ ಲೆಕ್ಕ ಅಲ್ಲಿ ಧಣಿಯ ಬಳಿ ಉಳಿಯಬಲ್ಲದು. ಸಿಗ್ನಲ್ ಅದನ್ನೂ ಆದಷ್ಟು ಇಟ್ಟುಕೊಳ್ಳುವುದಿಲ್ಲ. ಮುಷ್ಕರದ ಸಿದ್ಧತೆ ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಗಿರಾಕಿಗಳೆಲ್ಲ ವಾಟ್ಸ್ಯಾಪಿನಲ್ಲಿರುವಾಗ ವರ್ತಕರು ಅದನ್ನು ಬಿಡಲಾರರು. ಬಿಡಿರೆಂದು ನಾವು ಹೇಳುವುದೂ ಇಲ್ಲ. ಯು.ಪಿ.ಐ. ಆಪ್‌ಗಳಿಗೂ ಬ್ಯಾಂಕಿನ ಆಪ್‌ಗಳಿಗೂ ಬದಲಿಯನ್ನು ನಾವು ತೋರಿಸಲಾರೆವು. ಎಲ್ಲ ಬೀಗಗಳೂ ಒಂದೇ ದಿನ ಕಳಚುವುದಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಮಾತನ್ನು ನಾವು ಶಾಲಾಮಾಸ್ತರಿಕೆಯ ಅಭ್ಯಾಸದಿಂದ ಸ್ವಲ್ಪ ಒತ್ತಿ ಹೇಳುತ್ತೇವೆ. ಹಳೆಯ ಅಕ್ಷರಜೋಡಣೆಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುವುದನ್ನು ಅಚ್ಚುಕೂಟದವರೆಲ್ಲ ಕಂಡಿದ್ದಾರೆ. ಯೂನಿಕೋಡ್ ಎಂಬ ಲೋಕಮಾನ್ಯ ಪದ್ಧತಿಯಲ್ಲಿ 1991ರಿಂದಲೇ ಕನ್ನಡವಿದೆ; ಅದರಲ್ಲಿ ಬರೆದದ್ದನ್ನು ಎಲ್ಲಿ ಬೇಕಾದರೂ ಓದಬಹುದು. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳು ಸ್ವತಂತ್ರವಾದವು. ಫೋನಿನಲ್ಲಿ ಬರೆಯಲು ಇಂಡಿಕ್ ಕೀಬೋರ್ಡ್ ಇದೆ. ನೀವು ಒತ್ತುವ ಪ್ರತಿ ಅಕ್ಷರವನ್ನೂ ಕೀಲಿಮಣೆ ನೋಡುತ್ತದೆಯಾದ್ದರಿಂದ ಅದು ನಂಬುಗೆಯದಾಗಿರಬೇಕು. ಹಳೆಯ ಪುಟದ ಚಿತ್ರ ತೆಗೆದು ಕನ್ನಡ ಅಕ್ಷರವಾಗಿಸಲು ಟೆಸರಾಕ್ಟ್ ಇದೆ, ತಪ್ಪು ತಿದ್ದುವ ತಾಳ್ಮೆ ಬೇಕು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು ಎನ್.ವಿ.ಡಿ.ಎ. ಪರದೆಯ ಮೇಲಿನ ಬರಹವನ್ನು ಕುರುಡರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿದು. ಇಂಥವು ಮೊದಲೂ ಇದ್ದವು, ಬೆಲೆ ಮಾತ್ರ ಬಡವನ ಕಂಪ್ಯೂಟರಿಗಿಂತ ಹೆಚ್ಚು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಕುರುಡ ಯುವಕ ಇದನ್ನು ಬರೆಯತೊಡಗಿದ. ಜೇಮ್ಸ್ ಟೆ ಎಂಬ ಇನ್ನೊಬ್ಬ ಕುರುಡ ಜೊತೆಗೂಡಿದ. ದುಬಾರಿ ಬೆಲೆಗೆ ಮಾರುತ್ತಿದ್ದಂಥದನ್ನು ಕಣ್ಣಿಲ್ಲದ ಇವರು ತಾವೇ ಮಾಡಿ ಹಂಚಿದರು. ಈ-ಸ್ಪೀಕ್ ಎಂಬ ಸ್ವತಂತ್ರ ದನಿಯ ನೆರವಿನಿಂದ ಅದು ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಇಂಪಾಗಿಲ್ಲ. ಆದರೆ ಓದುತ್ತದೆ.

ಹಳೆಯ ಕಂಪ್ಯೂಟರಿರುವ ವರ್ತಕರಿಗೆ ಅವಸರದ ಮಾತೊಂದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ರ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಮುಂದಿನ ಆವೃತ್ತಿ ಎಷ್ಟೋ ಹಳೆಯ ಯಂತ್ರಗಳಿಗೆ ಹಿಡಿಸುವುದಿಲ್ಲ. ಯಂತ್ರ ಗಟ್ಟಿಯಾಗಿದೆ, ಗುಂಡಿಯೊಂದೂ ಸವೆದಿಲ್ಲ. ಆದರೂ ಗುಜರಿಗೆ ಹಾಕು, ಹೊಸದು ತಾ ಎಂದಂತಾಯಿತು. ಹಾಕಬೇಡಿರಿ. ಲಿನಕ್ಸ್ ಮಿಂಟ್ ಎಂಬುದನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಳಗಿನ ಕಡತಗಳನ್ನು ಮುಟ್ಟದೆ. ಹಿಡಿಸಿದರೆ ಇಡಿರಿ. ಬಿಲ್ಲು ಹಾಕುವ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದಾದರೆ ಅದೊಂದು ಯಂತ್ರವನ್ನು ಹಾಗೆಯೇ ಬಿಟ್ಟು ಮನೆಯಲ್ಲಿ ಮಕ್ಕಳು ಬಳಸುವ ಯಂತ್ರದಿಂದ ಆರಂಭಿಸಿರಿ. ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲಿಯೇ ಪಾಠ ಕಲಿಯುತ್ತಿದ್ದಾರೆ.

ಇಷ್ಟೆಲ್ಲ ಹೊಗಳಿದ ಮೇಲೆ ಹುಳುಕನ್ನೂ ಹೇಳದಿದ್ದರೆ ಅದು ಭಾಷಣವಾಗುವುದಿಲ್ಲ, ಜಾಹೀರಾತಾಗುತ್ತದೆ. ಇದನ್ನು ಮಾಡುವವರು ಏನು ಉಣ್ಣುತ್ತಾರೆ? ಎಕ್ಸ್-ಝೆಡ್ ಎಂಬ, ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಪುಟ್ಟ ತಂತ್ರಾಂಶವುಂಟು. ಲೋಕದ ದೊಡ್ಡ ದೊಡ್ಡ ಕಂಪೆನಿಗಳ ಯಂತ್ರಗಳಲ್ಲೆಲ್ಲ ಅದಿದೆ. ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವನು ಒಬ್ಬನೇ, ಅವನೂ ದಣಿದಿದ್ದ. ಸಹಾಯಕ್ಕೆಂದು ಬಂದವನೊಬ್ಬ ಎರಡು ವರ್ಷ ವಿಶ್ವಾಸ ಗಳಿಸಿ ಅದರೊಳಗೆ ಕಳ್ಳಬಾಗಿಲು ಕೂರಿಸಿದ. 2024ರ ಮಾರ್ಚಿ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಯಂತ್ರದೊಳಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಬಿಚ್ಚಿ ನೋಡಿ ಹಿಡಿದುಹಾಕಿದ. ಬಿಚ್ಚಿ ನೋಡುವ ಹಕ್ಕಿದ್ದುದರಿಂದ ಸಿಕ್ಕಿತು, ಇದು ನಿಜ. ಕೋಟಿಗಟ್ಟಲೆ ಲಾಭ ಮಾಡುವವರು ದಣಿದ ಒಬ್ಬನ ಬಿಟ್ಟಿ ದುಡಿಮೆಯ ಮೇಲೆ ಕುಳಿತಿದ್ದರು, ಇದೂ ನಿಜ. ಬಿಟ್ಟಿ ಚಾಕರಿಯನ್ನು ಬೇರೆಡೆ ವಿರೋಧಿಸುವ ನಾವು ಇಲ್ಲಿ ಕಣ್ಣುಮುಚ್ಚಲಾಗದು. ತಿಂಗಳಿಗೆ ಒಂದು ಚಹದ ದುಡ್ಡನ್ನು ನೀವು ಬಳಸುವ ಯಾವುದಾದರೂ ಒಂದು ತಂತ್ರಾಂಶಕ್ಕೆ ಕಳುಹಿಸಿದರೆ ಅದು ದಾನವಲ್ಲ, ಕೂಲಿ.

ಇನ್ನೊಂದು ಕಡೆಯಿಂದ ಬೇಲಿಯೂ ಬರುತ್ತಿದೆ. 2025ರ ಆಗಸ್ಟಿನಲ್ಲಿ ಗೂಗಲ್ ಕಂಪೆನಿ ಒಂದು ಘೋಷಣೆ ಮಾಡಿತು. ಇನ್ನು ಮೇಲೆ ಎಲ್ಲಿಂದ ತಂದ ಆಪ್ ಆದರೂ ಸರಿ, ಅದನ್ನು ಮಾಡಿದವನು ತನ್ನ ಗುರುತನ್ನು ಗೂಗಲಿನ ಬಳಿ ನೋಂದಾಯಿಸಿರದಿದ್ದರೆ ಸಾಮಾನ್ಯ ಆಂಡ್ರಾಯ್ಡ್ ಫೋನುಗಳಲ್ಲಿ ಹಾಕಲು ಬಿಡುವುದಿಲ್ಲ. 2026ರ ಸೆಪ್ಟೆಂಬರಿನಿಂದ ನಾಲ್ಕು ದೇಶಗಳಲ್ಲಿ ಆರಂಭಿಸಿ 2027ರಿಂದ ಉಳಿದೆಡೆಗೆ ಹಬ್ಬಿಸುತ್ತೇವೆ ಎಂದಿತು. ಮೋಸದ ಆಪ್‌ಗಳನ್ನು ತಡೆಯಲೆಂದು ಅವರ ವಾದ. ಮೋಸ ಇರುವುದೂ ಹೌದು. ಆದರೆ ಇದರಿಂದ ತಮ್ಮ ಭಂಡಾರವೇ ಮುಚ್ಚಬೇಕಾದೀತೆಂದು ಎಫ್-ಡ್ರಾಯ್ಡಿನವರು ಪ್ರತಿಭಟಿಸಿದರು. ಕೂಗು ಎದ್ದ ಮೇಲೆ, ತಿಳಿದವರಿಗೆ ಒಂದು ಒಳದಾರಿ ಇಡುವೆವೆಂದು ನವೆಂಬರಿನಲ್ಲಿ ಕಂಪೆನಿ ಸ್ವಲ್ಪ ಸಡಿಲಿಸಿತು. ನಮ್ಮದೇ ಫೋನಿನಲ್ಲಿ ನಮಗೆ ಬೇಕಾದದ್ದನ್ನು ಹಾಕಿಕೊಳ್ಳಲು ಒಳದಾರಿಯೇಕೆ ಬೇಕು ಎಂದು ಕೇಳುವವರ ಸಂಖ್ಯೆ ದೊಡ್ಡದಾಗಬೇಕು. ಅದಕ್ಕೇ ಈ ಸಭೆ.

ಈಗ ಹೇಳಿದವುಗಳನ್ನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ತುಂಬಿ ನಮ್ಮ ಕಚೇರಿಯಲ್ಲಿ ಇಟ್ಟಿದ್ದೇವೆ. ಎರಡನೆಯ ಪಾಳಿಯವರು ಬೆಳಿಗ್ಗೆ, ಮೊದಲ ಪಾಳಿಯವರೂ ವರ್ತಕರೂ ಭಾನುವಾರ ಬರಬಹುದು. ಹಾಕಿಕೊಡಲು ಮೂರು ಮಂದಿ ಹುಡುಗರು ಇರುತ್ತಾರೆ, ಹಣ ತೆಗೆದುಕೊಳ್ಳುವುದಿಲ್ಲ. ಬರುವವರು ಕಂಪ್ಯೂಟರಿನಲ್ಲಿರುವ ಲೆಕ್ಕದ ಕಡತಗಳ ಒಂದು ಪ್ರತಿಯನ್ನು ಮೊದಲೇ ಬೇರೆಡೆ ತೆಗೆದಿಟ್ಟುಕೊಂಡು ಬರತಕ್ಕದ್ದು. ಚಾರ್ಜರನ್ನು ಮರೆಯಬೇಡಿರಿ, ಕಚೇರಿಯಲ್ಲಿರುವುದು ಒಂದೇ.